ಮೇಷ್ಟ್ರ ಜೇಬಿನ ಶಾಯಿ

ಮುಖ ನೋಡಿ ಮಣೆ ಹಾಕುತ್ತಾರೆ ಎಂಬ ಮಾತನ್ನು ಲತಾಮಣಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಣೆ ಗಿಟ್ಟಿಸುವ ಮುಖಗಳನ್ನು ತಯಾರು ಮಾಡುವುದೇ ಹದಿನೇಳು ವರ್ಷದಿಂದ ಅವಳ ಹೊಟ್ಟೆಪಾಡು. ಧಾರಾವಾಹಿಗಳಲ್ಲಿ ಎಷ್ಟು ಜಡ್ಜುಗಳಿಗೆ, ಎಷ್ಟು ಡಾಕ್ಟರುಗಳಿಗೆ, ಸಾಯಲು ಸಿದ್ಧರಾದ ಎಷ್ಟು ಒಳ್ಳೆಯ ಅಪ್ಪಂದಿರಿಗೆ ಕಿವಿಯ ಪಕ್ಕ ನರೆ ಬಳಿದಿದ್ದಳೋ ಅವಳಿಗೇ ನೆನಪಿಲ್ಲ. ಈಗ ಧಾರಾವಾಹಿಯವರು ಕರೆಯುವುದು ಕಡಿಮೆಯಾಗಿತ್ತು, ಬೆನ್ನುನೋವು ಮಾತ್ರ ಕಾಯಂ ಆಗಿ ಉಳಿದುಕೊಂಡಿತ್ತು. ಉತ್ತರಹಳ್ಳಿಯಲ್ಲಿ ಬಸ್ಸು ಹತ್ತಿ, ಮೇಕಪ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಕರೆದ ಕಡೆಗೆ ಹೋಗುವುದು. ಸಂಜೆ ಅದೇ ಪೆಟ್ಟಿಗೆ, ಅದೇ ತೊಡೆ, ಅದೇ ದಾರಿ.

ಆ ಸಲ ಅವಳನ್ನು ಜೆ.ಪಿ. ನಗರದ ಒಂದು ಕಟ್ಟಡದ ನೆಲಮಾಳಿಗೆಗೆ ಕರೆಸಿಕೊಂಡವನು ಚಿರಂತ್. ವಯಸ್ಸು ಇಪ್ಪತ್ತೊಂಬತ್ತು, ಕೆಲಸ 'ನೆಮ್ಮದಿ ಕಾಯಿನ್' ಎಂಬುದರ ಜಾಹೀರಾತು. ಅದೊಂದು ಕ್ರಿಪ್ಟೋ ನಾಣ್ಯ. ಅಂದರೆ ಕಣ್ಣಿಗೆ ಕಾಣದ, ಕೈಗೆ ಸಿಗದ, ಕಂಪ್ಯೂಟರಿನೊಳಗೇ ಹುಟ್ಟಿ ಅಲ್ಲೇ ಓಡಾಡಿಕೊಂಡಿರುವ ದುಡ್ಡು. ಅಂಥದ್ದಕ್ಕೆ ನೆಮ್ಮದಿ ಅಂತ ಹೆಸರಿಟ್ಟವರ ಧೈರ್ಯವನ್ನು ಮೆಚ್ಚಬೇಕು. ಮೊದಲ ವಿಡಿಯೋದಲ್ಲಿ ಚಿರಂತನೇ ಕಪ್ಪು ಟೀಶರ್ಟ್ ತೊಟ್ಟು, ಗಡ್ಡ ಒಪ್ಪ ಮಾಡಿಕೊಂಡು ಮಾತಾಡಿದ್ದ. ನೋಡಿದವರೆಲ್ಲ ಕೆಳಗೆ ಬರೆದದ್ದು ಒಂದೇ: ಈ ಮುಖ ನೋಡಿದರೇ ಟೋಪಿ ಹಾಕೋ ಆಸಾಮಿ ಅಂತ ಗೊತ್ತಾಗುತ್ತೆ.

ಹುಡುಗ ಬೇಜಾರು ಮಾಡಿಕೊಳ್ಳದೆ ಬುದ್ಧಿ ಓಡಿಸಿದ. ಮೂರು ಫೋಟೋ ಹಿಡಿದು ಜಯನಗರ, ಬನಶಂಕರಿಯ ಪಾರ್ಕುಗಳಲ್ಲಿ ವಾಕಿಂಗ್ ಬಂದವರನ್ನು ನಿಲ್ಲಿಸಿ, ಊರಿಗೆ ಹೋಗುವಾಗ ಇವರಲ್ಲಿ ಯಾರ ಕೈಗೆ ಮನೆ ಬೀಗದಕೈ ಕೊಡ್ತೀರಿ ಅಂತ ಕೇಳಿದ. ಕೋಟು ಹಾಕಿದವನಿಗೆ ಯಾರೂ ಕೊಡಲಿಲ್ಲ. ಕಾವಿ ತೊಟ್ಟವನಿಗೆ ಇಬ್ಬರು ಕೊಟ್ಟು, ಎರಡು ಹೆಜ್ಜೆ ನಡೆದು, ತಿರುಗಿ ಬಂದು ವಾಪಸ್ ತಗೊಂಡರಂತೆ. ಅರ್ಧತೋಳಿನ ಬಿಳಿ ಅಂಗಿಯ, ರಿಟೈರಾದ ಮೇಷ್ಟ್ರಂತೆ ಕಾಣುತ್ತಿದ್ದವರಿಗೆ ಮಾತ್ರ ಉಳಿದವರೆಲ್ಲ ಬೀಗದಕೈ ಕೊಟ್ಟರು. ಹಾಗಾಗಿ ತ್ಯಾಗರಾಜನಗರದ ಬದರಿನಾಥರು ಬಂದರು. ವಿಮಾ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಹವ್ಯಾಸಕ್ಕೆ ನಾಟಕ ಆಡಿದವರು, ಮನೆಯಿಂದಲೇ ಮೊಸರನ್ನದ ಡಬ್ಬಿ ತಂದಿದ್ದ ಸಾಧು ಮನುಷ್ಯ.

ಬೆಳಗ್ಗೆಯಿಂದ ಹೇಳಿದ್ದನ್ನೇ ಹೇಳಿಸಿ ಹೇಳಿಸಿ ಬದರಿನಾಥರ ಗಂಟಲು ಬಿತ್ತು. ಚಿರಂತನಿಗೆ ಸಮಾಧಾನವಿಲ್ಲ. "ಎಲ್ಲಾ ಸರಿ ಇದೆ ಅಕ್ಕ, ಆದ್ರೂ ಆಕ್ಟರ್ ಥರಾನೇ ಕಾಣ್ತಾರೆ. ಏನೋ ಕಮ್ಮಿ ಆಗ್ತಿದೆ" ಎಂದ. ಗಂಟೆ ನಾಲ್ಕೂವರೆ. ಇನ್ನೊಂದು ಗಂಟೆ ಕಳೆದರೆ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಲತಾಮಣಿಗೆ ಮನೆಗೆ ಹೋಗಿ ಒರಗಿಕೊಂಡರೆ ಸಾಕಾಗಿತ್ತು. ಏನು ಕಮ್ಮಿ ಎಂದು ಅವಳ ತಲೆಗಿಂತ ಮೊದಲು ಕೈಗೆ ಗೊತ್ತಾಯಿತು.

ಅವಳ ಅಪ್ಪ ಪಾಪಯ್ಯ ಉತ್ತರಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ತೀರಿಕೊಂಡು ಹನ್ನೊಂದು ವರ್ಷ. ಅವರ ಯಾವ ಅಂಗಿಯ ಜೇಬಿನಲ್ಲೂ ಕೆಳಮೂಲೆಯಲ್ಲಿ ಒಂದು ಶಾಯಿಯ ಕಲೆ ಇದ್ದೇ ಇರುತ್ತಿತ್ತು. ಲತಾಮಣಿ ಮೇಜಿನ ಮೇಲಿದ್ದ ಶಾಯಿ ಪೆನ್ನಿನ ಮುಚ್ಚಳ ತೆಗೆದು, ಬದರಿನಾಥರ ಜೇಬಿನ ಕೆಳಮೂಲೆಗೆ ಮೊನೆ ಒತ್ತಿ ಹಿಡಿದಳು. ಹುಣಸೆಬೀಜದಷ್ಟು ಕಲೆ ಅರಳಿತು. ಕೈ ಅಲ್ಲಿಗೆ ನಿಲ್ಲಲಿಲ್ಲ. "ಸಾರ್, ಮುಖ್ಯವಾದ ಮಾತು ಬಂದಾಗ ಕನ್ನಡಕ ತೆಗೆದು ಅಂಗಿ ತುದೀಲಿ ಒರೆಸ್ಕೊಳ್ಳಿ. ಹಾಕ್ಕೊಂಡು ಆಮೇಲೆ ಹೇಳಿ" ಎಂದಳು. ಅದೂ ಅಪ್ಪನದೇ.

ಬದರಿನಾಥರು ಹಾಗೇ ಮಾಡಿದರು. ಕನ್ನಡಕ ಒರೆಸಿಕೊಂಡು, ಮತ್ತೆ ಹಾಕಿಕೊಂಡು, "ನಾನು ಯೋಚನೆ ಮಾಡದೆ ಯಾರಿಗೂ ಏನೂ ಹೇಳೋನಲ್ಲ" ಎಂದಾಗ ಲೈಟು ಹಿಡಿದವನೂ ಮೊಬೈಲು ಕೆಳಗಿಟ್ಟು ಕೇಳಿದ. ಒಂದೇ ಸಲಕ್ಕೆ ಮುಗಿಯಿತು. ಚಿರಂತ್ ಕೈಮುಗಿದ.

ಬಣ್ಣ ಒರೆಸುವಾಗ ಅವಳು ಸುಮ್ಮನೆ ಕೇಳಿದಳು, ಸಾರ್, ನೀವು ದುಡ್ಡು ಹಾಕಿದ್ದೀರಾ ಇದರಲ್ಲಿ ಅಂತ. "ಅಯ್ಯೋ ಇಲ್ಲಮ್ಮ, ನಂಗೆ ಇದರ ತಲೆ ಬುಡ ಒಂದೂ ಅರ್ಥ ಆಗಲ್ಲ. ನಂದೆಲ್ಲ ಬ್ಯಾಂಕಲ್ಲೇ ಇದೆ" ಎಂದರು, ಊಟ ಆಯಿತು ಎಂದಷ್ಟೇ ಸರಾಗವಾಗಿ. ಲತಾಮಣಿಗೆ ಒಂದು ಕ್ಷಣ ಒಳಗೆ ಏನೋ ಚುಚ್ಚಿತು. ಆದರೆ ಬಸ್ಸಿನಲ್ಲಿ ಸೀಟು ಸಿಕ್ಕಿತು. ಸೀಟು ಸಿಕ್ಕವರ ಮನಸ್ಸಾಕ್ಷಿ ಬೇಗ ನಿದ್ದೆ ಹೋಗುತ್ತದೆ.

ಎರಡು ತಿಂಗಳಾದ ಮೇಲೆ ಒಂದು ಶನಿವಾರ ಅವಳು ಮನೆಗೆ ಬಂದಾಗ ಅಮ್ಮ ಯಲ್ಲಮ್ಮ ಬಾಬಾಸಾಹೇಬರ ಪಟದ ಕೆಳಗೆ ಕಾಲು ಚಾಚಿ ಕೂತು, ಮೊಬೈಲು ಹಿಡಿದುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು. ಮಗಳನ್ನು ಕಂಡವಳೇ ಮೊಬೈಲನ್ನು ಅವಳ ಕಡೆ ತಿರುಗಿಸಿದಳು. "ನೋಡೆ ಲತಾ, ನಿಮ್ಮಪ್ಪನ ಹಂಗೇ ಅವ್ರೆ."

ಬದರಿನಾಥರ ಆ ವಿಡಿಯೋ ತೋರಿಸಿ ಹೋದವನು ಅಮ್ಮನ ತಮ್ಮ ಸಿದ್ದರಾಜು. ಸೈಟು ಬ್ರೋಕರ್. ಒಬ್ಬರನ್ನು ಈ ಕಾಯಿನ್ನಿಗೆ ಸೇರಿಸಿದರೆ ಅವನಿಗೂ ಒಂದಿಷ್ಟು ಸಿಗುತ್ತಿತ್ತು. ಹದಿನೈದು ದಿನದಿಂದ ಅವನು ಬಾಯಿ ಬಡಿದುಕೊಂಡರೂ ಯಲ್ಲಮ್ಮ ಜಗ್ಗಿರಲಿಲ್ಲ. ನಿನ್ನ ಮಾತು ಕೇಳಿ ಸೈಟು ತಗೊಂಡವರು ಇನ್ನೂ ಕೆರೆಯೊಳಗೇ ನಿಂತಿದ್ದಾರೆ ಎಂದು ಓಡಿಸಿದ್ದಳು. ಮಾತಿಗೆ ಬಗ್ಗದವಳು ವಿಡಿಯೋದ ಆ ಜೇಬಿಗೆ ಬಗ್ಗಿದಳು. ಮೇಷ್ಟ್ರು ನಿವೃತ್ತರಾದಾಗ ಬಂದ ದುಡ್ಡು ಅಂಚೆ ಕಚೇರಿಯಲ್ಲಿತ್ತು. ಅದರ ಅವಧಿ ಸೋಮವಾರ ಮುಗಿಯುವುದಿತ್ತು. ಯಲ್ಲಮ್ಮನ ಎರಡೂ ಮೊಣಕಾಲು ಸವೆದು ಹೋಗಿ, ಆಪರೇಷನ್ ಆಗದೆ ಗತಿಯಿಲ್ಲ ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು. ಆ ಕಾಲುಗಳಿಗೆ ಇದ್ದದ್ದು ಅದೊಂದೇ ದುಡ್ಡು. ಅದನ್ನು ತೆಗೆದು ಆರು ತಿಂಗಳು ನೆಮ್ಮದಿಯಲ್ಲಿಟ್ಟರೆ ಎರಡರಷ್ಟಾಗುತ್ತದೆ, ಆಮೇಲೆ ದೊಡ್ಡ ಆಸ್ಪತ್ರೆಯಲ್ಲೇ ಮಾಡಿಸಿಕೊಳ್ಳಬಹುದು ಎಂದು ತೀರ್ಮಾನವೇ ಆಗಿಹೋಗಿತ್ತು.

ಲತಾಮಣಿ ಪೆಟ್ಟಿಗೆ ಇಳಿಸಿ ಗೋಡೆಗೊರಗಿದಳು. ಅದು ಇವತ್ತು ಏರಿ ನಾಳೆ ನೆಲಕಚ್ಚುವ ವಸ್ತು ಎಂದಳು. ಕೇಳಲು ಹೋದರೆ ಕಚೇರಿಯೂ ಇರುವುದಿಲ್ಲ, ಮನುಷ್ಯರೂ ಇರುವುದಿಲ್ಲ ಎಂದಳು. ಅಮ್ಮ ಕೇಳಿಸಿಕೊಳ್ಳಲೇ ಇಲ್ಲ. ಕೊನೆಗೆ ಆ ಮುಖಕ್ಕೆ ಬಣ್ಣ ಹಚ್ಚಿದವಳು ನಾನೇ ಎಂದೂ ಹೇಳಿದಳು, ಅರ್ಧ ಬಾಯಲ್ಲಿ, ನೆಲ ನೋಡಿಕೊಂಡು. ಪೂರ್ತಿ ಹೇಳುವಷ್ಟು ಕಸುವೂ ಇರಲಿಲ್ಲ, ಮುಖವೂ ಇರಲಿಲ್ಲ.

"ಬಣ್ಣ ನೀನು ಹಚ್ಚಿರಬಹುದು" ಎಂದಳು ಯಲ್ಲಮ್ಮ. "ಗುಣಾನೂ ನೀನೇ ಹಚ್ಚಿದ್ಯಾ? ಆ ಜೇಬು ನೋಡೆ. ಮೋಸ ಮಾಡೋನು ಇಂಥ ಅಂಗಿ ಹಾಕ್ಕೊಂಡು ಬರ್ತಾನಾ?"

ಭಾನುವಾರ ಬೆಳಗ್ಗೆ ಸಿದ್ದರಾಜು ಬಂದ, ಅಕ್ಕನ ಮೊಬೈಲಿನಲ್ಲಿ ಎಲ್ಲ ಸಿದ್ಧ ಮಾಡಿಕೊಡಲು. ಲತಾಮಣಿ ಅವನನ್ನು ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮಾವ, ಒಂದರ್ಧ ಗಂಟೆ ಅಲ್ಲಾಡಬೇಡ ಎಂದು ಪೆಟ್ಟಿಗೆ ತೆರೆದಳು. ಅವನೇನು ಬೇಡ ಅನ್ನುವವನಲ್ಲ. ಕನ್ನಡಿ ಕಂಡರೆ ಊಟ ಬಿಡುವ ಜಾತಿ. ಅವಳು ಅವನ ಕಪ್ಪು ಮೀಸೆಗೆ ನರೆ ಎಳೆದಳು, ಕೆನ್ನೆ ಒಳಗೆ ತಳ್ಳಿದಳು, ಕಣ್ಣ ಕೆಳಗೆ ಹತ್ತಾರು ವರ್ಷದ ನಿದ್ದೆಗೇಡು ಬರೆದಳು. ಕೂದಲು ಎಣ್ಣೆ ಹಚ್ಚಿ ಎಡಕ್ಕೆ ಬಾಚಿದಳು. ಪೆಟ್ಟಿಗೆಯಲ್ಲಿದ್ದ ಬಿಳಿ ಅಂಗಿ ತೊಡಿಸಿ, ದಪ್ಪ ಚೌಕಟ್ಟಿನ ಕನ್ನಡಕ ಏರಿಸಿ, ಏನು ಮಾಡಬೇಕೆಂದು ಕಿವಿಯಲ್ಲಿ ಹೇಳಿ, ಅಮ್ಮನನ್ನು ಕರೆದಳು.

ಯಲ್ಲಮ್ಮ ಕಾಫಿ ಲೋಟ ಹಿಡಿದು ಕುಂಟುತ್ತ ಬಾಗಿಲಿಗೆ ಬಂದಳು. ಬಂದವಳ ಎಡಗೈ ತಾನಾಗಿ ಮೇಲೆದ್ದು, ಜಾರಿದ್ದ ಸೆರಗನ್ನು ಹೆಗಲಿಗೆ ಎಳೆದುಕೊಂಡಿತು. ಹನ್ನೊಂದು ವರ್ಷದಿಂದ ಅವಳು ಯಾರೆದುರಿಗೂ ಹಾಗೆ ಎಳೆದುಕೊಂಡಿರಲಿಲ್ಲ. ಸಿದ್ದರಾಜು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ. ಮತ್ತೆ ಹಾಕಿಕೊಂಡು ಅವಳ ಕಡೆ ನೋಡಿದ. ಲೋಟದ ಕಾಫಿ ಚೆಲ್ಲಿ ಅಮ್ಮನ ಬೆರಳು ಸುಟ್ಟಿತು. ಆಗ ಲತಾಮಣಿ ಪೆನ್ನಿನ ಮುಚ್ಚಳ ತೆಗೆದು, ಅವನ ಜೇಬಿನ ಕೆಳಮೂಲೆಗೆ ಒತ್ತಿ ಹಿಡಿದಳು.

ಕಲೆ ಹರಡುವವರೆಗೂ ಯಲ್ಲಮ್ಮ ನೋಡುತ್ತಲೇ ಇದ್ದಳು. "ಅದನ್ನೂ ನೀನೇ ಹಾಕಿದ್ದಾ?"

"ಹೂಂ ಅಮ್ಮ."

ಸಿದ್ದರಾಜು ಏನೋ ತಮಾಷೆ ಮಾಡಲು ಬಾಯಿ ತೆರೆದ. ಅಕ್ಕನ ಮುಖ ನೋಡಿ ಮುಚ್ಚಿಕೊಂಡ. ಎದ್ದು ಹೋಗಿ ನಲ್ಲಿಯ ಕೆಳಗೆ ಮುಖ ತೊಳೆದುಕೊಂಡು, ಅಂಗಿ ಕಳಚಿ ಕುರ್ಚಿಯ ಮೇಲಿಟ್ಟು, ಹೇಳದೆ ಕೇಳದೆ ಹೊರಟುಹೋದ. ಅವನ ಜೀವಮಾನದಲ್ಲಿ ಮಾತಿಲ್ಲದೆ ಒಂದು ಮನೆಯಿಂದ ಹೊರಟದ್ದು ಅದೇ ಮೊದಲಿರಬೇಕು.

ಯಲ್ಲಮ್ಮ ಹೊಸ್ತಿಲ ಮೇಲೆ ಕೂತಳು. ಆ ಕಲೆ ಹೇಗಾಗುತ್ತಿತ್ತು ಗೊತ್ತಾ ಎಂದು ಕೇಳಿದಳು. ಅಪ್ಪನಿಗೆ ಎಚ್ಚರ ಸಾಲದು ಎಂದಷ್ಟೇ ಲತಾಮಣಿ ಅಂದುಕೊಂಡಿದ್ದಳು. ಹಾಗಲ್ಲವಂತೆ. ರೇಷನ್ ಕಾರ್ಡು, ವಿಧವಾ ವೇತನ, ಖಾತೆ ಬದಲಾವಣೆ ಅಂತ ಅರ್ಧ ಉತ್ತರಹಳ್ಳಿ ಮೇಷ್ಟ್ರ ಹತ್ತಿರ ಅರ್ಜಿ ತುಂಬಿಸಿಕೊಳ್ಳಲು ಬರುತ್ತಿತ್ತು. ರುಜು ಹಾಕಲು ಅವರು ತಮ್ಮ ಪೆನ್ನನ್ನೇ ಕೊಡುತ್ತಿದ್ದರು. ಬಂದವರೋ ಪೆನ್ನು ಹಿಡಿದು ರೂಢಿಯಿಲ್ಲದವರು, ಮುಚ್ಚಳ ಸರಿಯಾಗಿ ಹಾಕದೆ ವಾಪಸ್ ಕೊಡುತ್ತಿದ್ದರು. ಮೇಷ್ಟ್ರು ಹಾಗೇ ಜೇಬಿಗಿಟ್ಟುಕೊಳ್ಳುತ್ತಿದ್ದರು. ಬಂದವರ ಎದುರಿಗೇ ಮುಚ್ಚಳ ತಿರುಗಿಸಿ ನೋಡಿದರೆ ಅವರಿಗೆ ನಾಚಿಕೆಯಾದೀತು ಎಂದು.

"ನಾನು ಬೈತಿದ್ದೆ, ಒಂದು ಅಂಗಿನೂ ನೆಟ್ಟಗಿರಲ್ಲ ಅಂತ" ಎಂದಳು ಅಮ್ಮ. "ಪೆನ್ನು ವಾಪಸ್ ಕೊಟ್ರಲ್ಲ, ಅಷ್ಟು ಸಾಕು ಅನ್ನೋರು. ಅದು ಅವರ ಕಲೆ ಅಲ್ಲ ಕಣೆ. ಊರೋರ್ದು."

ಲತಾಮಣಿ ತಲೆ ತಗ್ಗಿಸಿ ನಿಂತಿದ್ದಳು. ಅಮ್ಮ, "ಎಷ್ಟು ಕೊಟ್ರು ನಿಂಗೆ?" ಎಂದಳು.

ಒಂದು ದಿನದ ಕೂಲಿ, ಮಾಮೂಲಿನದೇ ಎಂದಳು ಲತಾಮಣಿ.

"ಅಷ್ಟೇನಾ" ಎಂದು ಯಲ್ಲಮ್ಮ ಮೊಣಕಾಲು ಹಿಡಿದುಕೊಂಡು ಎದ್ದು ಒಳಗೆ ಹೋದಳು. ಬೈದಿದ್ದರೆ ಲತಾಮಣಿಗೆ ಎಷ್ಟೋ ಹಗುರಾಗುತ್ತಿತ್ತು.

ಸೋಮವಾರ ಇಬ್ಬರೂ ಆಟೋದಲ್ಲಿ ಅಂಚೆ ಕಚೇರಿಗೆ ಹೋಗಿ ದುಡ್ಡನ್ನು ಬಿಡಿಸಿಕೊಂಡು, ಅಲ್ಲಿಂದ ಆಸ್ಪತ್ರೆಗೆ ಹೋಗಿ ಆಪರೇಷನ್ನಿಗೆ ತಾರೀಖು ಗೊತ್ತುಮಾಡಿಕೊಂಡು ಬಂದರು. ದಾರಿಯುದ್ದಕ್ಕೂ ಅಮ್ಮ ಎಷ್ಟು ಬೇಕೋ ಅಷ್ಟೇ ಮಾತಾಡಿದಳು. ಮಧ್ಯಾಹ್ನ ಚಿರಂತನ ಫೋನು ಬಂತು. ಎರಡನೇ ವಿಡಿಯೋ ಬುಧವಾರ, ಅದೇ ಅಂಗಿ, ಅದೇ ಕಲೆ, ಅಕ್ಕ ನಿಮ್ಮ ಆ ಕಲೆ ಸಖತ್ ಕೆಲಸ ಮಾಡಿದೆ ಎಂದ. ಲತಾಮಣಿ ತಾನು ಬರುವುದಿಲ್ಲ ಎಂದಳು. ಆ ಕಲೆ ಇನ್ನು ಹಾಕಬೇಡಿ, ಅದು ನಮ್ಮಪ್ಪಂದು ಎಂದಳು.

ಹುಡುಗ ಕೆಟ್ಟವನೇನಲ್ಲ. "ಪರವಾಗಿಲ್ಲ ಅಕ್ಕ, ನೀವು ರೆಸ್ಟ್ ತಗೊಳ್ಳಿ. ನಮ್ಮ ಹತ್ರ ಫೋಟೋ ಇದೆ, ನೋಡ್ಕೊಂಡು ಯಾರಾದ್ರೂ ಹಾಕ್ತಾರೆ" ಎಂದ.

ಬದರಿನಾಥರಿಗೆ ಫೋನು ಮಾಡೋಣವೇ ಎಂದು ಅವಳಿಗೆ ಅನ್ನಿಸಿತು. ಏನಂತ ಹೇಳುವುದು, ಯಾವ ಮುಖ ಇಟ್ಟುಕೊಂಡು ಹೇಳುವುದು ಎಂದು ಹೊಳೆಯದೆ ಮೊಬೈಲನ್ನು ಕೆಳಗಿಟ್ಟಳು. ಹಿತ್ತಿಲಿನಿಂದ ಬಟ್ಟೆ ಕುಕ್ಕುವ ಸದ್ದು ಕೇಳುತ್ತಿತ್ತು. ಹೋಗಿ ನೋಡಿದರೆ ಯಲ್ಲಮ್ಮ ಮಡಚಲಾಗದ ಕಾಲನ್ನು ಒಂದು ಪಕ್ಕ ಚಾಚಿಕೊಂಡು ಬಟ್ಟೆ ಕಲ್ಲಿನ ಮುಂದೆ ಕೂತಿದ್ದಳು. ಕಲ್ಲಿನ ಮೇಲೆ ಅಪ್ಪನ ಅಂಗಿ. ಹನ್ನೊಂದು ವರ್ಷ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಒಗೆಯದೆ ಇಟ್ಟುಕೊಂಡಿದ್ದ ಒಂದೇ ಒಂದು ಅಂಗಿ. ಅಮ್ಮ ಅದರ ಜೇಬಿಗೆ ಸೋಪು ತಿಕ್ಕುತ್ತಿದ್ದಳು.

"ಯಾಕಮ್ಮ?"

"ಬೆಳಗ್ಗೆ ಕೈಗೆ ತಗೊಂಡೆ" ಎಂದಳು ಯಲ್ಲಮ್ಮ, ತಿಕ್ಕುವುದನ್ನು ನಿಲ್ಲಿಸದೆ. "ನಿಮ್ಮಪ್ಪನ ಮುಖ ಬರ್ಲಿಲ್ಲ ಕಣೆ. ವಿಡಿಯೋದಲ್ಲಿ ಮಾತಾಡ್ತಾನಲ್ಲ, ಆ ಯಪ್ಪಂದೇ ಬಂತು."

ಶಾಯಿ ಹಳೆಯದು. ನೂಲಿನೊಳಗೆ ಇಳಿದದ್ದು. ಬಟ್ಟೆಯೇ ಪಿಸಿಯುವ ಹಾಗಿತ್ತು, ಕಲೆ ಮಾತ್ರ ಇದ್ದಲ್ಲೇ ಇತ್ತು. ಅಮ್ಮ ಸುಸ್ತಾಗಿ ಕೈಬಿಟ್ಟು, ಕಲೆ ತೆಗೆಯುವ ಔಷಧಿ ಏನಾದರೂ ನಿನ್ನ ಪೆಟ್ಟಿಗೆಯಲ್ಲಿದೆಯಾ ಎಂದು ಕೇಳಿದಳು.

ಇತ್ತು. ಎರಡು ಹನಿ ಬಿಟ್ಟರೆ ಶಾಯಿ ಇದ್ದ ಗುರುತೇ ಉಳಿಯದಂಥ ಸೀಸೆ, ಮೇಲಿನ ಅರೆಯಲ್ಲೇ ಇತ್ತು.

"ಇಲ್ಲಮ್ಮ" ಎಂದಳು ಲತಾಮಣಿ.

ಯಲ್ಲಮ್ಮ ತಲೆಯೆತ್ತಿ ಮಗಳ ಮುಖವನ್ನು ಬಹಳ ಹೊತ್ತು ನೋಡಿದಳು. ನಂಬಿದಳೋ ಬಿಟ್ಟಳೋ ಹೇಳಲಿಲ್ಲ. ಅಂಗಿಯನ್ನು ನೀರಿನಲ್ಲಿ ಅದ್ದಿ ತೆಗೆದು, ಹಿಂಡುವುದಕ್ಕೆ ಅದರ ಒಂದು ತುದಿಯನ್ನು ಅವಳ ಕೈಗೆ ಕೊಟ್ಟಳು.