ಹೌದು ಎನ್ನುವವರು, ಇಲ್ಲ ಎನ್ನುವವರು

ಗಿರಿಜಾಂಬಿಕಾ ಮೇಡಂಗೆ ಸಿಟ್ಟು ಬಂದು ಎಷ್ಟೋ ತಿಂಗಳಾಗಿತ್ತು. ಒಂಬತ್ತನೇ ತರಗತಿಯ ಮಕ್ಕಳಿಗೆ ಅದೇ ಭಯ. ಮೊದಲಾದರೆ ಜಗಲಿಯ ಆ ತುದಿಯಲ್ಲಿ ಅವಳ ಚಪ್ಪಲಿ ಸದ್ದು ಕೇಳಿದರೆ ಸಾಕು, ಇಡೀ ತರಗತಿ ಉಸಿರು ಬಿಗಿಹಿಡಿದು ಕೂರುತ್ತಿತ್ತು. ಈಗ ಹೋಂವರ್ಕ್ ಮಾಡದವನಿಗೂ ‘ಆಯ್ತು, ಕೂತ್ಕೋ’ ಅನ್ನುತ್ತಿದ್ದಳು. ಹಾಗೆ ಅನ್ನಿಸಿಕೊಂಡವನು ಹೆದರಿ ಮಾರನೆಯ ದಿನ ಎರಡೆರಡು ಸಲ ಬರೆದು ತರುತ್ತಿದ್ದ.

ಅವಳ ಗಂಡ ಕರಿಬಸವಯ್ಯ ಎದೆ ಹಿಡಿದುಕೊಂಡು ತೋಟದಲ್ಲಿ ಕೂತವನು ಮೇಲೆ ಏಳಲಿಲ್ಲ. ಅವರಲ್ಲಿ ಸುಡುವ ಪದ್ಧತಿ ಇಲ್ಲ. ಬಾವಿ ಪಕ್ಕದ ತೆಂಗಿನ ಸಾಲಿನಲ್ಲೇ ಸಮಾಧಿ ಮಾಡಿ ಮೇಲೊಂದು ಕಲ್ಲು ನಿಲ್ಲಿಸಿದರು. ಅವತ್ತು ಅತ್ತವಳು ಆಮೇಲೆ ಅಳಲಿಲ್ಲ. ಉಪ್ಪು ಹಾಕದ ಸಾರನ್ನು ಉಪ್ಪಿಲ್ಲವೆಂದು ತಿಳಿಯದೆ ಉಂಡಳು. ಪಾಠ ಮಾಡಿದಳು. ಬಸ್ಸು ಹತ್ತಿದಳು, ಇಳಿದಳು.

ಹೋದ ಭಾನುವಾರ ಪಾಲಿನ ಪಂಚಾಯ್ತಿ ಆಗಿತ್ತು. ಬಾವಿ ಪಕ್ಕದ ಜಾಗ ತನಗೆ ಬರಲಿ ಎಂದ ಮೈದುನ ರೇಣುಕಪ್ರಸಾದ್. ಅಲ್ಲಿ ನೆಲ ಸಮತಟ್ಟು ಮಾಡಿಸಿ ಕೊಬ್ಬರಿಗೆ ಶೆಡ್ ಹಾಕಬೇಕಂತೆ. ‘ಅಣ್ಣನ ಕಲ್ಲನ್ನ ಬೇಲಿ ಪಕ್ಕಕ್ಕೆ ಇಟ್ರಾಯ್ತು’ ಎಂದೂ ಹೇಳಿದ. ಊರ ಹಿರಿಯ ಮರುಳಪ್ಪ ಎಲ್ಲ ಕೇಳಿಸಿಕೊಂಡು ಎಲೆ ಅಡಿಕೆ ತಟ್ಟೆ ತರಿಸಿದ. ಆ ಊರಲ್ಲಿ ಪಂಚಾಯ್ತಿ ಮುಗಿಯುವುದೇ ಹಾಗೆ. ಒಪ್ಪಿಗೆಯೇ ಎಂದು ಯಾರನ್ನೂ ಕೇಳುವುದಿಲ್ಲ. ತಟ್ಟೆಯಿಂದ ಎಲೆ ಎತ್ತಿಕೊಂಡವರು ಒಪ್ಪಿದ ಹಾಗೆ. ಒಪ್ಪದವರು ಮುಟ್ಟದೆ ತಟ್ಟೆಯನ್ನು ಪಕ್ಕದವರಿಗೆ ದಾಟಿಸಬೇಕು. ಮೂವತ್ತು ವರ್ಷದಿಂದ ಆ ಊರ ಸೊಸೆಯಾಗಿದ್ದವಳಿಗೆ ಇದು ತಿಳಿಯದ್ದೇನಲ್ಲ. ಆದರೆ ತಟ್ಟೆ ಬಂತು, ಕೈ ಮುಂದೆ ಹೋಯಿತು, ಎಲೆ ಎತ್ತಿಕೊಂಡಿತು. ಮನೆಗೆ ಬಂದು ಮುಷ್ಟಿ ಬಿಚ್ಚಿದಾಗಲೇ ಅವಳಿಗೆ ಗೊತ್ತಾದದ್ದು. ಗೊತ್ತಾದ ಮೇಲೂ ಏನೂ ಅನ್ನಿಸಲಿಲ್ಲ.

ಜೆಸಿಬಿ ನಾಳೆ ಬೆಳಗ್ಗೆ ಬರುವುದಿತ್ತು.

ಇವತ್ತು ತರಗತಿಯಲ್ಲಿ ಸಂಸತ್ತು. ಪುಸ್ತಕದಲ್ಲಿರುವುದನ್ನು ಓದಿಸಿದರೆ ಮಕ್ಕಳು ತೂಕಡಿಸುತ್ತಾರೆಂದು ಪ್ರತಿ ವರ್ಷ ಅವಳು ಈ ಪಾಠವನ್ನು ಆಡಿಸಿಯೇ ಮಾಡುತ್ತಿದ್ದಳು. ಬೆಂಚುಗಳನ್ನು ಎರಡು ಕಡೆಗೆ ಎಳೆದು ಆಡಳಿತ ಪಕ್ಷ, ವಿರೋಧ ಪಕ್ಷ ಮಾಡಿದ್ದಾಯಿತು. ಮರುಳಪ್ಪನ ಮೊಮ್ಮಗ ಮೋಕ್ಷಿತ್ ಸಭಾಧ್ಯಕ್ಷ. ಮೇಡಂ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಗಿರಿಜಾಂಬಿಕಾ ಕಿಟಕಿಯ ಹತ್ತಿರ ನಿಂತಳು.

ಮಸೂದೆ ಮಂಡಿಸಿದವಳು ಇಂಪನಾ, ಕಾರ್ಮಿಕ ಮಂತ್ರಿ. ‘ಭಾನುವಾರದ ದಿವಸ ಶಾಲೆ ಮಕ್ಕಳ ಕೈಲಿ ಕಾಯಿ ಹೊರಿಸಬಾರದು, ಅಟ್ಟ ಹತ್ತಿಸಬಾರದು. ಹೊರಿಸಿದ ಅಪ್ಪ ಅಮ್ಮಂದಿರಿಗೆ ದಂಡ.’

ಆಡಳಿತ ಪಕ್ಷ ಬೆಂಚು ಕುಟ್ಟಿತು.

ವಿರೋಧ ಪಕ್ಷದ ನಾಯಕಿ ತರನ್ನುಮ್ ಎದ್ದಳು. ‘ಮಾನ್ಯ ಅಧ್ಯಕ್ಷರೇ, ನಮ್ಮಪ್ಪಂಗೆ ತೋಟ ಇಲ್ಲ. ಟೈಲರ್ ಅಂಗಡಿ. ಭಾನುವಾರ ಪೂರ್ತಿ ನಾನು ಶರ್ಟಿಗೆ ಗುಂಡಿ ಹಾಕ್ತೀನಿ. ಮಂತ್ರಿಗಳ ಮಸೂದೇಲಿ ಬರೀ ಕಾಯಿ ಐತೆ. ಗುಂಡಿ ಎಲ್ಲೈತೆ?’

‘ಗುಂಡಿ ಏನ್ ಭಾರನಾ?’ ಎಂದಳು ಮಂತ್ರಿ.

‘ಬಾ ಇವ್ಳೆ, ಬಂದು ಒಂದಿನ ಹಾಕು. ಕಣ್ಣು ಗುಡ್ಡೆ ಈಚೆಗೆ ಬರ್ತದೆ.’

‘ಮಾನ್ಯ ಸದಸ್ಯರು ಇವ್ಳೆ ಗಿವ್ಳೆ ಅನ್ನಂಗಿಲ್ಲ’ ಎಂದು ಸಭಾಧ್ಯಕ್ಷ ಡಸ್ಟರಿನಿಂದ ಮೇಜು ಕುಟ್ಟಿದ. ಸೀಮೆಸುಣ್ಣದ ಪುಡಿ ಅವನ ಮುಖಕ್ಕೇ ಎದ್ದಿತು. ನಗು ಮುಗಿಯುವ ಹೊತ್ತಿಗೆ ಅವನು ಮೇಜಿನ ಕೆಳಗಿನಿಂದ ಒಂದು ಸ್ಟೀಲ್ ತಟ್ಟೆ ತೆಗೆದ. ಅದರ ತುಂಬ ವೀಳ್ಯದೆಲೆ, ಮೇಲೆ ಸಕ್ಕರೆ, ಕೊಬ್ಬರಿ ತುರಿ. ‘ಚರ್ಚೆ ಸಾಕು. ಎಲೆ ಹೋಗ್ಲಿ’ ಎಂದ.

ತಟ್ಟೆ ಬೆಂಚಿನಿಂದ ಬೆಂಚಿಗೆ ಹೋಯಿತು. ಎಲ್ಲರೂ ತೆಗೆದುಕೊಂಡರು. ಸಕ್ಕರೆ ಇದ್ದ ಎಲೆಯನ್ನು ಯಾವ ಮಗು ಬಿಡುತ್ತದೆ? ತರನ್ನುಮ್ ಎರಡು ತೆಗೆದುಕೊಂಡಳು.

‘ಎಲ್ರೂ ಎಲೆ ತಗೊಂಡವ್ರೆ. ಮಸೂದೆ ಪಾಸು.’

‘ಏಯ್, ಎಲ್ಲಿ ಪಾಸು?’ ತರನ್ನುಮ್‌ಳ ಬಾಯಿ ತುಂಬ ಎಲೆ. ‘ನಾನು ಒಪ್ಪಿಲ್ಲ ಕಣೋ!’

‘ತಗೊಂಡೆಯಲ್ಲ?’

‘ತಿನ್ನಕ್ಕೆ ತಗೊಂಡೆ!’

‘ಅಂಗೆಲ್ಲ ಆಗಲ್ಲ. ನಮ್ ತಾತ ಹಿಂಗೇ ಮಾಡದು. ಎಲೆ ತಗೊಂಡ ಮೇಲೆ ಮುಗೀತು. ಮೇಡಂ, ಹೇಳಿ ಮೇಡಂ!’

ತರಗತಿ ಪೂರ್ತಿ ಕಿಟಕಿಯ ಕಡೆ ತಿರುಗಿತು. ಗಿರಿಜಾಂಬಿಕಾ ಹೊರಗೆ ನೋಡುತ್ತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು, ಆದರೆ ಪಕ್ಕದ ಮನೆಯ ಮಾತು ಕೇಳಿಸಿದ ಹಾಗೆ. ಉತ್ತರ ಮಾತ್ರ ತಾನಾಗಿ ಬಂತು. ಇಪ್ಪತ್ತೈದು ವರ್ಷ ಹೇಳಿದ ಪಾಠಕ್ಕೆ ಮನಸ್ಸಿನ ಹಂಗು ಇರುವುದಿಲ್ಲ.

‘ಲೋಕಸಭೇಲಿ ಎಲೆ ಇಲ್ಲ ಮೋಕ್ಷಿತ್. ಸಭಾಧ್ಯಕ್ಷರು ಕೇಳಬೇಕು. ಒಪ್ಪುವವರು ಹೌದು ಅನ್ನಿ, ಒಪ್ಪದವರು ಇಲ್ಲ ಅನ್ನಿ ಅಂತ ಎರಡನ್ನೂ ಕೇಳಬೇಕು. ಕೇಳದೇ ಇದ್ರೆ ಅದು ತೀರ್ಮಾನವೇ ಅಲ್ಲ.’

‘ಎಲ್ರೂ ಸುಮ್ನೆ ಕೂತಿದ್ರೂ ಕೇಳಬೇಕಾ ಮೇಡಂ?’

‘ಕೇಳಬೇಕು. ಕೂಗು ಕೇಳಿ ಹೌದು ಅನ್ನೋರೇ ಜಾಸ್ತಿ ಅಂತ ಅವರು ಹೇಳಿದ ಮೇಲೂ, ಯಾರಾದ್ರೂ ಎದ್ದು ನಾನು ಒಪ್ಪಲ್ಲ ಅಂದ್ರೆ ಗಂಟೆ ಬಾರಿಸ್ತಾರೆ. ಹೊರಗಿರೋರೆಲ್ಲ ಒಳಗೆ ಬರ್ತಾರೆ, ಬಾಗಿಲು ಹಾಕ್ತಾರೆ, ಇನ್ನೊಂದ್ ಸಲ ಕೇಳ್ತಾರೆ. ಆಗಲೂ ಒಪ್ಪದಿದ್ರೆ ಮತ ಎಣಿಸ್ತಾರೆ. ಸದಸ್ಯರ ಮುಂದೆ ಗುಂಡಿಗಳಿರ್ತವೆ. ಹೌದು ಅನ್ನೋದಕ್ಕೆ ಹಸಿರು, ಇಲ್ಲ ಅನ್ನೋದಕ್ಕೆ ಕೆಂಪು, ಯಾವ ಕಡೆಗೂ ಇಲ್ಲ ಅನ್ನೋದಕ್ಕೆ ಹಳದಿ.’

‘ಹಳದಿ ಒತ್ತಿದ್ರೆ ಹೌದು ಅಂತಲೇ ಅಲ್ವಾ?’ ಎಂದಳು ಇಂಪನಾ.

‘ಅಲ್ಲ. ಅದು ಯಾವ ಲೆಕ್ಕಕ್ಕೂ ಸೇರಲ್ಲ.’

ತರನ್ನುಮ್ ಎಲೆ ನುಂಗಿ ಕೈ ಎತ್ತಿದಳು. ‘ಮೇಡಂ, ಯಾವ್ದೋ ಗ್ಯಾನದಲ್ಲಿ ಹಸಿರು ಒತ್ತಿಬಿಟ್ರೆ? ಕೈ ತಪ್ಪಿದ್ರೆ?’

‘ಚೀಟಿ ಕೊಟ್ಟು ಸರಿ ಮಾಡಿಸಬಹುದು.’

‘ಯಾವಾಗ್ಲೂನಾ?’

‘ಸಭಾಧ್ಯಕ್ಷರು ಕೊನೇ ಫಲಿತಾಂಶ ಹೇಳೋ ತನಕ. ಅದಾದ ಮೇಲೆ ಆಗಲ್ಲ.’

ಹೇಳಿ ಮುಗಿಸಿ ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು. ಹೋದ ಭಾನುವಾರ ಯಾರೂ ತನ್ನನ್ನು ಕೇಳಲಿಲ್ಲ ಎಂಬುದು ಆ ಹೊತ್ತಿನಲ್ಲಿ, ಮರಗಟ್ಟಿದ ಕಾಲಿಗೆ ಮುಳ್ಳು ಹೊಕ್ಕ ಹಾಗೆ, ನೋವಿಲ್ಲದೆ ತಿಳಿಯಿತು. ಅಳು ಬರಲಿಲ್ಲ. ಸಿಟ್ಟಾದರೂ ಬರಲಿ ಎಂದು ನೋಡಿದಳು. ಅದೂ ಬರಲಿಲ್ಲ.

‘ಗಂಟೆ ಬಾರಿಸಲಾ ಮೇಡಂ?’ ಎಂದ ಮೋಕ್ಷಿತ್.

‘ಬಾರಿಸು.’

ಅವನು ತಟ್ಟೆಯನ್ನೇ ಡಸ್ಟರಿನಿಂದ ಬಡಿದ. ಗುಂಡಿ ಹಾಕುವ ಕೆಲಸವನ್ನೂ ಸೇರಿಸಬೇಕೆಂಬ ತರನ್ನುಮ್‌ಳ ತಿದ್ದುಪಡಿ ಗೆದ್ದಿತು. ಇಂಪನಾ ಕೂಡ ಅದಕ್ಕೇ ಹೌದು ಎಂದಳು. ಆಮೇಲೆ ಪೂರ್ತಿ ಮಸೂದೆಯೂ ಅಂಗೀಕಾರವಾಯಿತು.

ಸಂಜೆ ಬಸ್ಸು ಇಳಿದು ಗಿರಿಜಾಂಬಿಕಾ ಮನೆಗೆ ಹೋಗಲಿಲ್ಲ. ನೇರವಾಗಿ ಮರುಳಪ್ಪನ ಜಗಲಿಗೆ ಹೋಗಿ ನಿಂತಳು. ಮುದುಕ ಕಾಫಿ ಲೋಟ ಕೆಳಗಿಟ್ಟ.

‘ಬಾ ತಾಯಿ, ಕೂತ್ಕೋ.’

‘ಕೂರಲ್ಲ ಮಾವ. ನಾಳೆ ಜೆಸಿಬಿ ಬರಬಾರದು.’

‘ಅದ್ಯಾಕವ್ವ? ಎಲೆ ತಗೊಂಡಿದ್ದೀಯಲ್ಲ.’

‘ತಗೊಂಡೆ. ಕೈ ತಗೊಂತು. ನನ್ನ ಯಾರೂ ಕೇಳಲಿಲ್ಲ. ಈಗ ಕೇಳಿ.’

‘ಎಲೆ ತಗೊಂಡ ಮೇಲೆ ನ್ಯಾಯ ತಿರುಗಿ ಎತ್ತಂಗಿಲ್ಲ. ನಮ್ಮಪ್ಪನ ಕಾಲದಿಂದ ಎತ್ತಿಲ್ಲ.’

‘ಇವತ್ತು ಎತ್ತಿ.’

ಅವಳ ದನಿ ಏರಲಿಲ್ಲ. ಮರುಳಪ್ಪನಿಗೆ ಅದೇ ಕಷ್ಟವಾಯಿತು. ಈ ಹೆಣ್ಣುಮಗಳು ಕೂಗಾಡಿದ್ದರೆ ಗದರಿ ಕಳಿಸಬಹುದಿತ್ತು. ಅವಳ ಬೈಗುಳವನ್ನು ಊರೇ ಕಂಡಿತ್ತು, ತಾನೂ ಒಂದೆರಡು ಸಲ ತಿಂದಿದ್ದ. ಕೊನೆಗೆ ಫೋನ್ ಮಾಡಿ ರೇಣುಕಪ್ರಸಾದನನ್ನು ಕರೆಸಿದ.

ಅವನು ಬೈಕು ಆರಿಸದೆಯೇ ಮಾತು ಶುರು ಮಾಡಿದ. ‘ಏನತ್ತಿಗೆ ಇದು? ನಾಕು ಜನದ ಮುಂದೆ ಒಪ್ಪಿ, ಈಗ ಆಗಲ್ಲ ಅಂದ್ರೆ? ಗಾಡಿಗೆ ಹೇಳ್ಬಿಟ್ಟಿದೀನಿ ಕಣ್ರೀ.’

‘ಬೈಕು ಆರ್ಸಲಾ ಮೊದ್ಲು’ ಎಂದ ಮರುಳಪ್ಪ. ಆಮೇಲೆ ಅವಳ ಕಡೆ ತಿರುಗಿದ. ಇಷ್ಟು ವರ್ಷದ ಪಂಚಾಯ್ತಿಯಲ್ಲಿ ಕೇಳದ ಮಾತು ಅದು, ನಾಲಿಗೆ ತಡವರಿಸಿತು. ‘ಬಾವಿ ಪಕ್ಕದ ಜಾಗದಲ್ಲಿ ಶೆಡ್ ಹಾಕಕ್ಕೆ... ಕರಿಬಸವಯ್ಯನ ಕಲ್ಲು ಕೀಳಕ್ಕೆ... ನಿನ್ನ ಒಪ್ಪಿಗೆ ಐತಾ ತಾಯಿ?’

‘ಇಲ್ಲ.’

‘ಇದನ್ನ ಹೋದ್ವಾರ ಯಾಕೆ ಹೇಳ್ಲಿಲ್ಲ?’ ಎಂದ ಮೈದುನ.

‘ಹೋದ್ವಾರ ನೀನು ಕೇಳ್ಲಿಲ್ಲ.’

ರೇಣುಕಪ್ರಸಾದ್ ಮುದುಕನ ಮುಖ ನೋಡಿದ. ಮರುಳಪ್ಪ ಲೋಟದ ಕಡೆ ನೋಡುತ್ತಾ, ‘ಶೆಡ್ಡು ರಸ್ತೆ ಕಡೆಗೆ ಹಾಕ್ಕೋ ಹೋಗಪ್ಪ. ಗಾಡಿಯವನಿಗೆ ಬರಬೇಡ ಅಂತ ಹೇಳು’ ಎಂದ.

‘ಸರಿ ಬುಡಿ. ಇನ್ನು ಮೇಲೆ ನನ್ನ ಮಾತಾಡಿಸಬ್ಯಾಡಿ ಅತ್ತಿಗೆ’ ಎಂದು ಹೇಳಿ ಅವನು ಫೋನ್ ತೆಗೆದ. ಗಾಡಿಯವನೊಂದಿಗೆ ಮಾತಾಡಿ ಮುಗಿಸುವವರೆಗೂ ಅವಳು ಅಲ್ಲೇ ನಿಂತಿದ್ದಳು. ಆಮೇಲೆ ತೋಟದ ದಾರಿ ಹಿಡಿದಳು.

ಬಾವಿ ಪಕ್ಕದಲ್ಲಿ, ನೆಲ ಸಮತಟ್ಟು ಮಾಡಲು ರೇಣುಕಪ್ರಸಾದ್ ಆಗಲೇ ಗೂಟ ಹೊಡೆದು ದಾರ ಕಟ್ಟಿಸಿದ್ದ. ಒಂದು ದಾರ ಸಮಾಧಿಯ ನಡು ಮಧ್ಯೆ ಹಾದುಹೋಗಿತ್ತು. ಅವಳು ಬಗ್ಗಿ ಗೂಟ ಅಲ್ಲಾಡಿಸಿದಳು. ಬರಲಿಲ್ಲ. ಇನ್ನೊಂದು ಸಲ, ಎರಡೂ ಕೈ ಹಾಕಿ ಎಳೆದಳು. ಅಂಗೈ ಸುಲಿಯಿತು. ಉರಿಯಿತು.

‘ಹಾಳಾದ್ದೇ’ ಎಂದಳು ಗೂಟಕ್ಕೆ, ತುಸು ಜೋರಾಗಿಯೇ.