ಸೊಟ್ಟ ನಕ್ಷತ್ರ

ಕಲ್ಲಿನ ಕ್ವಾರಿಯ ಪಕ್ಕದ ತಗಡಿನ ಶಾಲೆಗೆ ಟೀಚರ್ ಬಂದು ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ. ಇದ್ದದ್ದು ಒಂದೇ ಕೋಣೆ. ಬರುವವರೆಲ್ಲ ಕಲ್ಲು ಒಡೆಯುವವರ ಮಕ್ಕಳು, ಮೂಗು ಒರೆಸಿಕೊಳ್ಳಲೂ ಸರಿಯಾಗಿ ಬಾರದ ವಯಸ್ಸಿನವು. ಕೈಗೆ ಅಕ್ಷರ ಹತ್ತುವ ಮೊದಲು ಗೆರೆ ಹತ್ತಲಿ ಎಂದು ಆಕೆ ದುಂಡು, ಚೌಕ, ಮುಮ್ಮೂಲೆ ಎಲ್ಲ ಮುಗಿಸಿ ಆ ವಾರ ನಕ್ಷತ್ರಕ್ಕೆ ಬಂದಿದ್ದಳು. ಬಳಪ ಎತ್ತದೆ ಒಂದೇ ಎಳೆಯಲ್ಲಿ ಬರೆಯಬೇಕು. ಅದಕ್ಕೆಂದೇ ಒಂದು ಹಾಡಿನಂಥದ್ದನ್ನು ಕಟ್ಟಿಕೊಂಡಿದ್ದಳು: “ಗುಡ್ಡ ಹತ್ತು, ಗುಡ್ಡ ಇಳಿ, ಎಡಕ್ಕೆ ಹಾರು, ಬಲಕ್ಕೆ ಓಡು, ಮನೆಗೆ ಬಾ.” ಮನೆಗೆ ಬರುವಷ್ಟರಲ್ಲಿ ಅರ್ಧ ಮಕ್ಕಳು ದಾರಿ ತಪ್ಪಿರುತ್ತಿದ್ದವು.

“ಸೊಟ್ಟ ಆಯ್ತಾ? ಅಳಿಸು, ಮತ್ತೆ ಬರಿ. ಸೊಟ್ಟ ನಕ್ಷತ್ರ ಕಂಡ್ರೆ ಹಾಗೇ ಬಿಟ್ಟು ಬರಬಾರದು,” ಎಂದು ಹೇಳಿ ಹೇಳಿ ಅವಳ ಗಂಟಲು ಕಟ್ಟಿತ್ತು. ಚೆಂದ ಬರೆದವರಿಗೆ ಒಂದೊಂದು ಬಳಪದ ಚೂರು ಬಹುಮಾನ.

ಎಲ್ಲರಿಗಿಂತ ಮೊದಲು ಅದು ಕೈಗೆ ಹತ್ತಿದ್ದು ಗುಬ್ಬಿಗೆ. ಕುಳಿ ಕೊರೆಯುವವನ ಮಗಳು. ಮೈಯಲ್ಲಿ ಮಾಂಸವಿಲ್ಲದಿದ್ದರೂ ಬಾಯಿಗೆ ಬಿಡುವಿಲ್ಲದ್ದರಿಂದ ಆ ಹೆಸರು. ತಾಯಿ ಊರಲ್ಲಿರಲಿಲ್ಲ, ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಹಾಗಾಗಿ ಅಪ್ಪ ಬೆಳಿಗ್ಗೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕ್ವಾರಿಯವರೆಗೆ ತಂದು, ತಾನು ಸಲಕರಣೆ ಹೊಂದಿಸಿಕೊಳ್ಳುವ ಹೊತ್ತಿಗೆ ಶಾಲೆಯ ಕಡೆ ಅಟ್ಟುತ್ತಿದ್ದ.

ಆ ದಿನ ಗುಬ್ಬಿ ಬಂದಾಗ ಲಂಗದ ಅಂಚೆಲ್ಲ ಬಿಳಿ ಬಿಳಿ. ಬಂದವಳೇ ಟೀಚರ ಸೆರಗು ಹಿಡಿದು ಜಗ್ಗಿದಳು.

“ಟೀಚರ್, ನಾನು ಇವತ್ತು ಒಂದು ಸೊಟ್ಟ ನಕ್ಷತ್ರ ಅಳಿಸಿ ಬಂದೆ.”

“ಜಾಣೆ. ಯಾರು ಬರೆದಿದ್ರು?”

“ಮದ್ದಿನ ತಾತ. ತಾತಂಗೆ ಬರಿಯೋಕೆ ಬರಲ್ಲ. ಬರೀ ಅಡ್ಡಡ್ಡ ಗೀಚಿದಾರೆ. ಅದನ್ನ ಅಳಿಸಿ, ಶಾಲೆಗೆ ಬರೋ ದಾರೀಲಿ ಒಂದು ನುಣುಪು ಕಲ್ಲಿನ ಮೇಲೆ ಚೆಂದದ್ದು ಬರೆದೆ.”

ಟೀಚರ ಮುಖದ ನಗು ಅಲ್ಲೇ ಹೆಪ್ಪುಗಟ್ಟಿತು. ಈ ಕ್ವಾರಿಯಲ್ಲಿ ಒಂದು ಕಟ್ಟಳೆ ಇತ್ತು. ಬಂದ ಮೊದಲ ದಿನವೇ ಅದನ್ನು ಅವಳಿಗೂ ಹೇಳಿದ್ದರು. ಬಂಡೆ ಸಿಡಿಸಿದ ಮೇಲೆ ಯಾವುದಾದರೂ ಕುಳಿಯ ಮದ್ದು ಸಿಡಿಯದೆ ಒಳಗೇ ಉಳಿದರೆ, ಕುಳಿಗೆ ಸಿಡಿಮದ್ದು ತುಂಬುವ ಮದ್ದಿನ ತಾತ ಅದರ ಮೇಲೊಂದು ನಕ್ಷತ್ರ ಗೀಚಿ ಬಿಡುತ್ತಿದ್ದ. ನಕ್ಷತ್ರ ಇದ್ದಲ್ಲಿ ಯಾರೂ ಕೊರೆಯುವ ಸರಳು ಇಡುವಂತಿಲ್ಲ. ದಿನಾ ಅದೇ ದಾರಿಯಲ್ಲಿ ಓಡಾಡಿದ ತನಗೆ, ತಾನು ಕಲಿಸುವುದೂ ನಕ್ಷತ್ರ ತಾತ ಗೀಚುವುದೂ ನಕ್ಷತ್ರ ಎಂದು ಒಂದು ಸಲವಾದರೂ ಹೊಳೆಯಬಾರದಿತ್ತೇ?

ಆಗ ಹೊರಗೆ ಕೊರೆಯುವ ಯಂತ್ರ ಎರಡು ಸಲ ಕೆಮ್ಮಿ ಶುರುವಾಯಿತು.

“ಯಾರೂ ಹೊಸ್ತಿಲು ದಾಟಬಾರದು!” ಎಂದು ಟೀಚರ್ ಕೂಗಿ, ಬಾಗಿಲು ಎಳೆದುಕೊಂಡು, ಸ್ಲೇಟು ತಬ್ಬಿಕೊಂಡಿದ್ದ ಗುಬ್ಬಿಯನ್ನು ಸೊಂಟಕ್ಕೆ ಏರಿಸಿಕೊಂಡು ಓಡಿದಳು. ಕಾಲಡಿ ಜಲ್ಲಿ ಜಾರಿತು. ಒಂದು ಚಪ್ಪಲಿ ಎಲ್ಲೋ ಉಳಿಯಿತು. ಹಗ್ಗ ಕಟ್ಟಿದ ಗಡಿ ತಲುಪಿ, ಇದ್ದಬದ್ದ ಉಸಿರೆಲ್ಲ ಸೇರಿಸಿ ಕಿರುಚಿದಳು. ಯಂತ್ರದ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ಅಲ್ಲಿ ಗುಬ್ಬಿಯ ಅಪ್ಪ ಬೆನ್ನು ಬಾಗಿಸಿ ಸರಳಿನ ತುದಿಯನ್ನು ಬಂಡೆಗೆ ಹೊಂದಿಸುತ್ತಿದ್ದ. ಮುಂದೆ ಹೋಗೋಣವೆಂದರೆ ಸೊಂಟದಲ್ಲಿ ಮಗು. ಮಗುವನ್ನು ಇಳಿಸಿದರೆ ಅದು ಅಪ್ಪನ ಹತ್ತಿರವೇ ಓಡೀತು. ದಿಕ್ಕು ತೋಚದೆ ಗುಬ್ಬಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹಿಡಿದಳು. ಇದೇನೋ ಆಟವೆಂದು ಗುಬ್ಬಿ ಸ್ಲೇಟು ಬೀಸಿ ನಕ್ಕಳು.

ಬೆವರು ಒರೆಸಲು ತಲೆ ಎತ್ತಿದ ಅಪ್ಪ ಮಗಳನ್ನು ಕಂಡ. ಸರಳು ಹಿಂದಕ್ಕೆಳೆದು ಯಂತ್ರ ನಿಲ್ಲಿಸಿದ.

“ಏನಾಯ್ತು ಟೀಚರ್? ಬಿದ್ಲಾ?”

“ಬನ್ನಿ! ಏನನ್ನೂ ಮುಟ್ಟದೆ ಈ ಕಡೆ ಬನ್ನಿ!”

ಸದ್ದು ನಿಂತದ್ದು ಕೇಳಿ ಶೆಡ್ಡಿನಿಂದ ಮದ್ದಿನ ತಾತನೂ ಟೀ ಲೋಟ ಹಿಡಿದೇ ಬಂದ. ವಿಷಯ ತಿಳಿಯುತ್ತಲೇ ಲೋಟವನ್ನು ನೆಲದ ಮೇಲೆ ಇಡಲು ಹೋದ. ಅದು ಉರುಳಿತು.

“ನಿನ್ನೆ ಕತ್ತಲಾಗಿತ್ತು ಅಂತ ತೆಗೆಯೋದನ್ನ ಇವತ್ತಿಗೆ ಬಿಟ್ಟೆ. ಬತ್ತಿ ಒಳಗೇ ಆರಿತ್ತು,” ಎಂದ. ದನಿ ಕುಗ್ಗಿತ್ತು. “ಬಂಡೆ ತುಂಬ ಹಳೇ ಕುಳಿ, ಎಲ್ಲಕ್ಕೂ ಧೂಳು ಮುಚ್ಚಿದೆ. ಗುರುತು ಇದೆಯಲ್ಲ ಅಂತ ಜಾಗ ತಲೇಲಿ ಇಟ್ಕೊಳ್ಳಲಿಲ್ಲ. ಸಿಕ್ಕಸಿಕ್ಕಲ್ಲಿ ಕೆದಕಿ ನೋಡೋ ಹಾಗಿಲ್ಲ ಟೀಚರ್. ಈ ಮಗು ಬಂದು ತೋರಿಸ್ಲಿ.”

“ಮಗು ಅಲ್ಲಿಗೆ ಬರಲ್ಲ,” ಎಂದಳು ಟೀಚರ್. ಅಪ್ಪನೂ ಮಗಳ ಮುಂದೆ ಅಡ್ಡ ನಿಂತ.

ಇಲ್ಲಿಂದಲೇ ಬೆರಳು ಮಾಡಿ ತೋರಿಸು ಎಂದರೆ ಗುಬ್ಬಿಯ ಬೆರಳು ಇಡೀ ಗುಡ್ಡವನ್ನೇ ತೋರಿಸಿತು. ಟೀಚರ್ ಸ್ಲೇಟು ಕಸಿದುಕೊಂಡು ನೆಲದ ಮೇಲೆ ಕೂತಳು. ಬಂಡೆಯನ್ನು ನೋಡಿ ನೋಡಿ ಬರೆದಳು: ಉದ್ದಕ್ಕೆ ಇಳಿದ ಬಿರುಕು, ಅದರ ಬಾಯಲ್ಲಿ ಬೆಳೆದ ಮುಳ್ಳುಪೊದೆ, ಕೆಳಗೆ ಹೊಟ್ಟೆ ಮುಂದೆ ಮಾಡಿದ ಕಲ್ಲು. ಬಳಪ ಮಗುವಿನ ಕೈಗೆ ಕೊಟ್ಟಳು.

“ತಾತ ಬರೆದಿದ್ರಲ್ಲ, ಎಲ್ಲಿ ಬರೆದಿದ್ರೋ ಅಲ್ಲೇ ನಕ್ಷತ್ರ ಬರಿ ಪುಟ್ಟಿ.”

ಗುಬ್ಬಿ ನಾಲಿಗೆ ಕಚ್ಚಿಕೊಂಡು, ಗುಡ್ಡ ಹತ್ತಿ, ಗುಡ್ಡ ಇಳಿದು, ಸ್ಲೇಟು ತುಂಬುವ ನಕ್ಷತ್ರ ಬರೆದಳು.

“ಇಡೀ ಬಂಡೇನೇ ನುಂಗ್ತಲ್ಲಮ್ಮ,” ಎಂದ ತಾತ.

“ಸಣ್ಣದು ಬರಿ. ಕಡಲೆಕಾಳಿನಷ್ಟು,” ಎಂದಳು ಟೀಚರ್.

ಗುಬ್ಬಿ ಬಿರುಕಿನ ಎಡಕ್ಕೆ ಒಂದು ಬರೆದಳು. ತಲೆ ಓರೆ ಮಾಡಿ ನೋಡಿದಳು. ಯಾರಾದರೂ ತಡೆಯುವ ಮೊದಲೇ ಲಂಗದ ಅಂಚಿಗೆ ಉಗುಳು ಹಚ್ಚಿ ಅಳಿಸಿ ಬಲಕ್ಕೆ ಇನ್ನೊಂದು ಬರೆದಳು.

“ಅಯ್ಯೋ, ಯಾವುದು ಸರಿ? ಎಡಗಡೇದೋ ಬಲಗಡೇದೋ?” ಅಪ್ಪ ಗದರಿದ.

“ಅದು ಸೊಟ್ಟ ಆಗಿತ್ತು, ಇದು ಚೆಂದ ಇದೆ,” ಎಂದಳು ಗುಬ್ಬಿ. ತುಟಿ ಅದುರತೊಡಗಿತು.

ಟೀಚರಿಗೆ ಆಗ ತಿಳಿಯಿತು. ಮಗು ಜಾಗ ಹುಡುಕುತ್ತಿರಲಿಲ್ಲ, ಅಂದ ಹುಡುಕುತ್ತಿತ್ತು. ಅದನ್ನು ಕಲಿಸಿದವಳು ತಾನೇ. ಅಪ್ಪನಿಗೆ ಸುಮ್ಮನಿರಲು ಸನ್ನೆ ಮಾಡಿ ದನಿಯನ್ನು ಹಗುರ ಮಾಡಿದಳು.

“ಇವತ್ತು ಚೆಂದದ್ದು ಬೇಡ. ತಾತ ಬರೆದಿದ್ರಲ್ಲ, ಆ ಸೊಟ್ಟದ್ದೇ ಬರಿ. ಹಾಗ್ಹಾಗೇ.”

“ಸೊಟ್ಟದ್ದೇನಾ?”

“ಸೊಟ್ಟದ್ದೇ. ಅಳಿಸಬೇಡ. ಬೈಯಲ್ಲ.”

ಗುಬ್ಬಿ ತಾತನನ್ನೂ ಟೀಚರನ್ನೂ ಅನುಮಾನದಿಂದ ನೋಡಿದಳು. ಕಣ್ಣು ಮುಚ್ಚಿದಳು. ಬಿಟ್ಟಾಗ ಕೈ ನೇರ ಹೋಯಿತು. ಮುಳ್ಳುಪೊದೆಯ ಕೆಳಗೆ, ಹೊಟ್ಟೆಗಲ್ಲಿನ ಒತ್ತಿಗೆ, ಒಂದರ ಮೇಲೊಂದು ಅಡ್ಡಡ್ಡ ಮೂರು ಗೀಟು. “ಈ ಕಲ್ಲು ಹತ್ತಿದ್ರೂ ಸರಿಯಾಗಿ ಕೈಗೆ ಎಟುಕ್ಲಿಲ್ಲ. ಕುಣಿದು ಕುಣಿದು ಒರೆಸ್ದೆ.”

ಅಪ್ಪ ಸ್ಲೇಟು ನೋಡಿದವನೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. “ಸರಳು ಅಲ್ಲೇ ಇಟ್ಟಿದ್ದೆ,” ಎಂದ.

ತಾತ ನೀರಿನ ಡಬ್ಬ ಎತ್ತಿಕೊಂಡ. “ಎಲ್ಲರೂ ಆ ಜಲ್ಲಿ ರಾಶಿಯ ಹಿಂದಕ್ಕೆ ಹೋಗಿ,” ಎಂದು, ಮಲಗಿದ ಮಗುವನ್ನು ಎಬ್ಬಿಸಬಾರದೆನ್ನುವಂತೆ ಹೆಜ್ಜೆ ಇಡುತ್ತ ಹೋದ. ಟೀಚರ್ ರಾಶಿಯ ಹಿಂದೆ ಕೂತು ಗುಬ್ಬಿಯ ಎರಡೂ ಕಿವಿ ಮುಚ್ಚಿದಳು. ಅವಳ ಬಾಯಲ್ಲಿ ದೇವರ ಹೆಸರು ಬರಲಿಲ್ಲ. ಗುಡ್ಡ ಹತ್ತು, ಗುಡ್ಡ ಇಳಿ ಎಂದೇ ತುಟಿ ಅಲುಗುತ್ತಿತ್ತು. ಮನೆಗೆ ಬಾ ಎನ್ನುವಲ್ಲಿಗೆ ಬಂದು ನಿಂತು, ಮತ್ತೆ ಅದನ್ನೇ ಹೇಳಿತು.

ನೀರು ಸುರಿಯುವ ಸದ್ದು. ಆಮೇಲೆ ಸದ್ದಿಲ್ಲ. ಒಂದು ಕಾಗೆ ಕೂಗಿದ್ದಕ್ಕೇ ಅಪ್ಪ ಬೆಚ್ಚಿಬಿದ್ದ.

“ಇಲ್ಲೇ ಇದೆ!” ತಾತನ ದನಿ. “ಧೂಳು ನೆಂದು ಬತ್ತಿಯ ತುದಿ ಕಾಣ್ತಿದೆ. ಮಣ್ಣೆಲ್ಲ ತೊಳೆದು ತೆಗೀಬೇಕು, ಹೊತ್ತು ಹಿಡಿಯುತ್ತೆ. ಯಾರೂ ಬರಬೇಡಿ!”

ಟೀಚರ್ ರಾಶಿಯ ಮೇಲಿಂದ ಇಣುಕಿದಳು. ತಾತ ಜೇಬಿನಿಂದ ಬಳಪ ತೆಗೆದು, ಒದ್ದೆಯಾಗದ ಜಾಗದಲ್ಲಿ ಮತ್ತೆ ಗುರುತು ಹಾಕುತ್ತಿದ್ದ. ಅಡ್ಡಡ್ಡ ಮೂರು ಗೀಟು, ಈ ಸಲ ಇನ್ನೂ ವಕ್ರ.

ಅವಳ ತೋಳಿನ ಕೆಳಗಿಂದ ಗುಬ್ಬಿಯೂ ಕತ್ತು ಚಾಚಿದ್ದಳು.

“ನೋಡಿ ಟೀಚರ್, ಮತ್ತೆ ಸೊಟ್ಟ!” ಎಂದಳು. “ನಾನು ಹೋಗಿ ಸರಿ ಮಾಡ್ಲಾ?”

ಟೀಚರ್ ಅವಳ ಮಣಿಕಟ್ಟು ಹಿಡಿದುಕೊಂಡಳು.

“ಬಿಡಿ ಟೀಚರ್, ನೋಯುತ್ತೆ.”

ಟೀಚರ್ ಬಿಡಲಿಲ್ಲ. ಬಿಡಬೇಕೆಂದು ಬೆರಳುಗಳಿಗೆ ಹೇಳಿದರೂ ಅವು ಕೇಳಲಿಲ್ಲ.