ಅಕ್ಕ ತುಂಬಿದ ಗಾಳಿ

ಇದರಲ್ಲಿ ಒಂದೇ ಒಂದು ಸುಳ್ಳಿದ್ದರೂ ನನ್ನ ನಾಲಿಗೆ ಪಂಕ್ಚರ್ ಆಗಲಿ.

ಒಬ್ಬ ಜೀಪು ಡ್ರೈವರ್ ಇದ್ದ. ಮನೆಯಲ್ಲಿ ಅವನು, ಅವನ ನೆರಳು, ಇಬ್ಬರೇ. ಟಯರಿನ ವಿದ್ಯೆಯನ್ನೆಲ್ಲ ಕಲಿಸಿದ ಅಕ್ಕ ತೀರಿಹೋಗಿದ್ದಳು. ಸಾಯುವ ಮುಂಚೆ, ತಮ್ಮನನ್ನು ಬೈಯುತ್ತಲೇ ಕಾಲುಪಂಪು ತುಳಿದು ಸ್ಟೆಪ್ನಿ ಟಯರಿಗೆ ಗಾಳಿ ತುಂಬಿದ್ದಳು. ಆ ಗಾಳಿಯನ್ನು ಅವನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ.

ಒಮ್ಮೆ ನೆಲ ಅಳೆಯುವ ಸಾಹೇಬರನ್ನು ಕರೆದೊಯ್ಯುವಾಗ ಚೂಪುಗಲ್ಲೊಂದು ಟಯರನ್ನು ಸೀಳಿತು. ವಿಧಿಯಿಲ್ಲದೆ ಸ್ಟೆಪ್ನಿ ಹಾಕಿದ. ಮುಂದೆ ಬರೀ ಮರಳು. ಮರಳಿನಲ್ಲಿ ಗಾಳಿ ಇಳಿಸಿದರೆ ಟಯರು ಒಂಟೆಯ ಪಾದದಂತೆ ಅಗಲವಾಗಿ, ಹೂಳದೆ ಸಾಗುತ್ತದೆ. ಅವನು ಉಳಿದ ಮೂರು ಟಯರುಗಳ ಗಾಳಿ ಮಾತ್ರ ಇಳಿಸಿದ. ಸ್ಟೆಪ್ನಿ ಅರ್ಧಕ್ಕರ್ಧ ಹೂತುಹೋಯಿತು.

"ಅದರ ಗಾಳೀನೂ ಬಿಡ್ರೀ. ಒಳಗೇನು ಚಿನ್ನ ತುಂಬಿದ್ದೀರಾ?"

"ನಮ್ಮಕ್ಕನ ಗಾಳಿ, ಸಾರ್."

ಸಾಹೇಬರು ಇಳಿದು ಹಿಂದಿನಿಂದ ತಳ್ಳಿ ನೋಡಿದರು; ಜೀಪು ಕದಲಲಿಲ್ಲ. ಕುಡಿಯುವ ನೀರೂ ಮುಗಿಯಿತು. ಕೊನೆಗೆ ಅವನು ಕಣ್ಣು ಮುಚ್ಚಿ ವಾಲ್ವ್ ಒತ್ತಿದ.

ಬುಸ್ಸೆಂದು ಬಂದ ಗಾಳಿ, "ದಡ್ಡ, ಗಾಳೀನ ಯಾರಾದ್ರೂ ಕೂಡಿಡ್ತಾರೇನೋ? ಊಟ ಮಾಡಿದ್ಯಾ?" ಎಂದಿತು. ಸಾಹೇಬರಿಗೂ ಕೇಳಿಸಿತು.

"ಮಾಡ್ತೀನಕ್ಕ," ಎಂದ.

ಜೀಪು ಹೂವಿನಂತೆ ಮೇಲೆದ್ದಿತು.

ಗಟ್ಟಿ ರಸ್ತೆ ಸಿಕ್ಕಾಗ ಮೂರು ಟಯರಿಗೆ ಮತ್ತೆ ಗಾಳಿ ತುಂಬಿದ. ನಾಲ್ಕನೆಯದಕ್ಕೆ ಕಾಲು ಏಳಲಿಲ್ಲ. ತಾನೇ ತುಂಬಿದರೆ ಒಳಗೆ ತನ್ನ ದನಿಯೇ ಇರುತ್ತದಲ್ಲ? ಆ ಚಪ್ಪಟೆ ಟಯರಿನಲ್ಲೇ ಜೀಪು ತೆವಳಿಸುತ್ತ ಬಂದವನು ಈಗ ನಿಮ್ಮ ಬಾಗಿಲ ಮುಂದೆಯೇ ನಿಂತಿದ್ದಾನೆ. ನಂಬಿ, ಬಿಡಿ, ಎದ್ದು ನಾಲ್ಕು ಸಲ ಪಂಪು ತುಳಿಯಿರಿ. ಬಾಯಿ ಮುಚ್ಚಿಕೊಂಡು ಮಾತ್ರ ತುಳಿಯಬೇಡಿ. ಅವನನ್ನು ಒಂದಿಷ್ಟು ಬೈಯಿರಿ.